ಕಡಲಿನ ಎದುರು ಕ್ಯಾನ್ವಾಸು



ಸಮುದ್ರದ ಬಣ್ಣ ಯಾವುದು ಎಂದು ಕೇಳಿದರೆ ನಿಮ್ಮಲ್ಲಿ ಹೆಚ್ಚಿನವರು ‘ನೀಲಿ’ ಎಂದು ಉತ್ತರ ಕೊಡುತ್ತೀರಿ. ಚಿಕ್ಕಂದಿನಿಂದ ಭೂಪಟದಲ್ಲಿ ಸಮುದ್ರಕ್ಕೆ ನೀಲಿ ಬಳಿದು ಬಳಿದು ಆ ಉತ್ತರ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತುಬಿಟ್ಟಿದೆ. ಆದರೆ ಮಳೆಗಾಲದ ನಡುವೆ ನಮ್ಮ ಕರಾವಳಿಯ ಯಾವುದಾದರೂ ಅಳಿವೆಯ ಬಳಿ ಹೋಗಿ ನೋಡಿ. ಹೊಳೆ ಹೊತ್ತು ತಂದ ಮಣ್ಣಿನಿಂದ ಕಡಲು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಚಳಿಗಾಲದ ಬೆಳಿಗ್ಗೆ ಅದೇ ನೀರು ಹಸಿರು, ಸಂಜೆ ತಾಮ್ರ, ಮೋಡ ಕವಿದರೆ ಬೂದಿ. ನಮಗೆ ತಿಳಿದಿರುವ ಸಮುದ್ರ ಒಂದು, ಕಣ್ಣಿಗೆ ಕಾಣುವ ಸಮುದ್ರ ಇನ್ನೊಂದು.

ಈ ಎರಡರ ನಡುವಿನ ಅಂತರವನ್ನು ಅರಿಯುವುದಕ್ಕಾಗಿಯೇ ಕೆಲವು ಚಿತ್ರಕಾರರು ಬಣ್ಣದ ಪೆಟ್ಟಿಗೆ ಹೊತ್ತು ದಡಕ್ಕೇ ಹೋದರು. ಗಾಳಿ ಬಿಸಿಲುಗಳ ನಡುವೆ ನಿಂತು ತೈಲವರ್ಣದಲ್ಲಿ ಕಡಲನ್ನು ಚಿತ್ರಿಸುವ ಈ ಪದ್ಧತಿ ಹೇಗೆ ಬೆಳೆಯಿತು, ಅದರ ಕಷ್ಟಗಳೇನು, ಆ ಕಷ್ಟ ಪಟ್ಟದ್ದಕ್ಕೆ ದೊರೆಯುವ ಫಲವೇನು ಎಂಬುದನ್ನು ಈಗ ನೋಡೋಣ.

ಮೊದಲು ಬಣ್ಣದ ವಿಷಯ. ಜಲವರ್ಣವನ್ನು ನೀವು ಶಾಲೆಯಲ್ಲಿ ಬಳಸಿದ್ದೀರಿ. ನೀರು ಆರಿದೊಡನೆ ಆ ಬಣ್ಣ ಒಣಗುತ್ತದೆ. ತೈಲವರ್ಣದ ರೀತಿ ಬೇರೆ. ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದರೆ ತೈಲವರ್ಣ. ಅಗಸೆ ಎಣ್ಣೆ ಆರಿಹೋಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಮೇಲುಪದರ ಒಣಗಲು ಹಲವು ದಿನ, ಒಳಗೆಲ್ಲ ಗಟ್ಟಿಯಾಗಲು ತಿಂಗಳುಗಳೇ ಬೇಕು. ಈ ನಿಧಾನಗತಿಯೇ ಅದರ ಗುಣ. ಹಸಿಯಾಗಿರುವಾಗಲೇ ಒಂದು ಬಣ್ಣದೊಳಗೆ ಇನ್ನೊಂದನ್ನು ಬೆರೆಸಬಹುದು, ಬೇಡವಾದದ್ದನ್ನು ಕೆರೆದು ತೆಗೆಯಬಹುದು, ತೆಳುವಾಗಿಯೂ ಬಳಿಯಬಹುದು, ಬೆಣ್ಣೆಯಂತೆ ದಪ್ಪವಾಗಿಯೂ ಮೆತ್ತಬಹುದು. ನೀರಿನ ತಿಳಿಯನ್ನೂ ನೊರೆಯ ಉಬ್ಬನ್ನೂ ಒಂದೇ ಚಿತ್ರದಲ್ಲಿ ತೋರಿಸಲು ಇಷ್ಟು ಅನುಕೂಲವಾದ ಮಾಧ್ಯಮ ಬೇರೊಂದಿಲ್ಲ.

ಆದರೆ ಬಹುಕಾಲ ಈ ಬಣ್ಣ ಚಿತ್ರಶಾಲೆಯ ಗೋಡೆಗಳೊಳಗೇ ಉಳಿದಿತ್ತು. ಪುಡಿಯನ್ನು ಅರೆಯುವ ಕೆಲಸವೇ ದೊಡ್ಡದು. ಅರೆದದ್ದನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ತುಂಬಿ ಬಾಯಿ ಕಟ್ಟಿಡುತ್ತಿದ್ದರು. ಬೇಕಾದಾಗ ಚುಚ್ಚಿ ಹಿಂಡಿಕೊಳ್ಳಬೇಕು. ಚುಚ್ಚಿದ ಮೇಲೆ ಸರಿಯಾಗಿ ಮುಚ್ಚಲು ಬಾರದು. ದಾರಿಯಲ್ಲಿ ಒಡೆದರೆ ಬಟ್ಟೆಬರೆಯೆಲ್ಲ ಬಣ್ಣ. 1841ರಲ್ಲಿ ಲಂಡನ್ನಿನಲ್ಲಿ ವಾಸವಾಗಿದ್ದ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ್‍ಯಾಂಡ್ ತವರದ ಕೊಳವೆಯೊಂದಕ್ಕೆ ಪೇಟೆಂಟ್ ಪಡೆದ. ಹಿಂಡಿದರೆ ಬಣ್ಣ ಬರುತ್ತದೆ, ಮುಚ್ಚಳ ತಿರುಗಿಸಿದರೆ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಇಂದು ನಾವು ದಿನವೂ ಕೈಯಲ್ಲಿ ಹಿಡಿಯುವ ಟೂತ್‌ಪೇಸ್ಟ್ ಟ್ಯೂಬಿಗೆ ಅಣ್ಣನಂಥದು ಅದು. ಇದೇ ಶತಮಾನದಲ್ಲಿ ರಸಾಯನಶಾಸ್ತ್ರವೂ ನೆರವಿಗೆ ಬಂತು. ಅಫ್ಘಾನಿಸ್ತಾನದ ಲಾಜವರ್ದ ಕಲ್ಲನ್ನು ಕುಟ್ಟಿ ತಯಾರಿಸುತ್ತಿದ್ದ ದುಬಾರಿ ಅಲ್ಟ್ರಾಮರೀನ್ ನೀಲಿಯನ್ನು 1820ರ ದಶಕದ ಕೊನೆಯ ಹೊತ್ತಿಗೆ ಕಾರ್ಖಾನೆಯಲ್ಲೇ ಮಾಡಲು ಸಾಧ್ಯವಾಯಿತು. ಬಣ್ಣ ಅಗ್ಗವಾಯಿತು, ಹಗುರವಾಯಿತು, ಪೆಟ್ಟಿಗೆಯಲ್ಲಿ ಹಿಡಿಯುವಂತಾಯಿತು. ಚಿತ್ರಕಾರ ಹೊರಗೆ ಹೊರಟ.

ಟ್ಯೂಬು ಬರುವುದಕ್ಕೆ ಮೊದಲೇ ಕಷ್ಟಪಟ್ಟು ಹೊರಗೆ ಹೋದವರೂ ಇದ್ದರು ಎಂಬುದನ್ನು ಮರೆಯಬಾರದು. ಇಂಗ್ಲೆಂಡಿನ ಜಾನ್ ಕಾನ್‌ಸ್ಟೇಬಲ್ ಅವರಲ್ಲಿ ಒಬ್ಬ. ಕಾಯಿಲೆ ಬಿದ್ದ ಹೆಂಡತಿಗೆ ಕಡಲ ಗಾಳಿ ಒಳ್ಳೆಯದೆಂದು 1824ರಲ್ಲಿ ಆತ ಆಕೆಯನ್ನು ಬ್ರೈಟನ್ ಎಂಬ ಊರಿಗೆ ಕರೆತಂದ. ಅಲ್ಲಿನ ದಡದಲ್ಲಿ ಸಣ್ಣ ಸಣ್ಣ ಕಾಗದಗಳ ಮೇಲೆ ತೈಲವರ್ಣದಲ್ಲೇ ಸಮುದ್ರವನ್ನು ಬಿಡಿಸಿದ. ಅದಕ್ಕೆ ಮೊದಲು ಹ್ಯಾಂಪ್‌ಸ್ಟೆಡ್‌ನಲ್ಲಿ ಮೋಡಗಳನ್ನು ಚಿತ್ರಿಸುವಾಗ ಹಾಳೆಯ ಹಿಂದೆ ದಿನ, ಹೊತ್ತು, ಗಾಳಿಯ ದಿಕ್ಕು ಇವನ್ನು ಬರೆದಿಡುವ ಅಭ್ಯಾಸವೂ ಆತನಿಗಿತ್ತು.

ಫ್ರಾನ್ಸ್ ದೇಶದ ಉತ್ತರ ತೀರದ ನಾರ್ಮಂಡಿಯಲ್ಲಿ ಯುಜೀನ್ ಬೂದಾಂ ಎಂಬಾತನೂ ಹೀಗೆಯೇ ಮಾಡುತ್ತಿದ್ದ. ಹುಟ್ಟಿದ್ದು 1824ರಲ್ಲಿ, ನಾವಿಕನ ಮಗನಾಗಿ. ಲೆ ಹಾವ್ರ್ ಎಂಬ ಬಂದರು ಪಟ್ಟಣದಲ್ಲಿ ಕೆಲವು ಕಾಲ ಕಾಗದ ಮತ್ತು ಚಿತ್ರದ ಚೌಕಟ್ಟುಗಳ ಅಂಗಡಿ ನಡೆಸಿದ. ಲಂಕೇಶರು ‘ಪಾಪದ ಹೂಗಳು’ ಎಂದು ಕನ್ನಡಕ್ಕೆ ತಂದ ಕೃತಿಯ ಕವಿ ಬೋದಿಲೇರ್‌ನನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ಆ ಬೋದಿಲೇರ್ 1859ರಲ್ಲಿ ಬೂದಾಂನ ಆಕಾಶ ಮತ್ತು ಕಡಲಿನ ಅಭ್ಯಾಸ ಚಿತ್ರಗಳನ್ನು ನೋಡಿ ಬೆರಗಾದ. ಪ್ರತಿ ಚಿತ್ರದ ಅಂಚಿನಲ್ಲೂ ದಿನ, ಗಂಟೆ, ಗಾಳಿ ಬರೆದಿತ್ತು. ಆ ಬರಹವನ್ನು ಕೈಯಿಂದ ಮುಚ್ಚಿದರೂ ಅದು ಯಾವ ಕಾಲ, ಯಾವ ಹೊತ್ತು ಎಂದು ಚಿತ್ರ ನೋಡಿಯೇ ಹೇಳಬಹುದು ಎಂಬುದು ಆತನ ಮೆಚ್ಚುಗೆಯ ಸಾರ.

ಈ ಬೂದಾಂನ ಕೈಗೆ ಲೆ ಹಾವ್ರ್‌ನಲ್ಲಿ ಒಬ್ಬ ಹುಡುಗ ಸಿಕ್ಕಿದ. ಊರಿನ ಗಣ್ಯರ ವ್ಯಂಗ್ಯಚಿತ್ರ ಬರೆದು ಮಾರಿ ಕಿಸೆಗೆ ಕಾಸು ಮಾಡಿಕೊಳ್ಳುತ್ತಿದ್ದ, ಹದಿನೇಳು ಹದಿನೆಂಟರ ಹುಡುಗ. ನಿಮ್ಮದೇ ವಯಸ್ಸು. ಅವನ ಹೆಸರು ಕ್ಲೋಡ್ ಮೊನೆ. ಬೂದಾಂ ಅವನನ್ನು ಒತ್ತಾಯ ಮಾಡಿ ಬಯಲಿಗೆ ಕರೆದುಕೊಂಡು ಹೋದ. ತನ್ನ ಕಣ್ಣು ತೆರೆದದ್ದು ಅಲ್ಲಿ ಎಂದು ಮೊನೆ ಕೊನೆಯವರೆಗೂ ನೆನೆಯುತ್ತಿದ್ದ.

ಮೊನೆಯ ಕೆಲಸದ ರೀತಿಗೆ ಆತನ ಚಿತ್ರಗಳೇ ಸಾಕ್ಷಿ ಹೇಳುತ್ತವೆ. 1870ರ ಬೇಸಿಗೆಯಲ್ಲಿ ತ್ರೂವಿಲ್ ಎಂಬ ಊರಿನ ಕಡಲ ತಡಿಯಲ್ಲಿ ಬಿಡಿಸಿದ ಪುಟ್ಟ ಚಿತ್ರವೊಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕೊಡೆ ಹಿಡಿದು ಕುಳಿತ ಇಬ್ಬರು ಹೆಂಗಸರು, ಹಿಂದೆ ದಡ. ಆ ಚಿತ್ರದ ಬಣ್ಣದೊಳಗೆ ಇಂದಿಗೂ ಮರಳಿನ ಕಣಗಳು, ಚಿಪ್ಪಿನ ಚೂರುಗಳು ಅಂಟಿಕೊಂಡಿವೆ. ಗಾಳಿ ಹಸಿ ಬಣ್ಣದ ಮೇಲೆ ಎರಚಿದ ಮರಳು ಅದು. ಚಿತ್ರ ಎಲ್ಲಿ ಹುಟ್ಟಿತು ಎಂಬುದಕ್ಕೆ ಬೇರೆ ದಾಖಲೆ ಬೇಕಿಲ್ಲ.

ಮುಂದೆ ಆತನನ್ನು ಸೆಳೆದದ್ದು ನಾರ್ಮಂಡಿಯದೇ ಆದ ಎತ್ರೆತಾ ಎಂಬ ಮೀನುಗಾರರ ಊರು. ಅಲ್ಲಿ ಸುಣ್ಣಕಲ್ಲಿನ ಬಿಳಿಯ ಕಡಿದಾದ ಬಂಡೆಗಳನ್ನು ಸಮುದ್ರ ಕೊರೆದು ಕಮಾನುಗಳನ್ನು ಮಾಡಿದೆ. 1883ರಲ್ಲಿ ಒಮ್ಮೆ, 1885ರ ಕೊನೆಯ ತಿಂಗಳುಗಳಲ್ಲಿ ಮತ್ತೊಮ್ಮೆ ಮೊನೆ ಅಲ್ಲಿ ಬಹಳ ದಿನ ಕೆಲಸ ಮಾಡಿದ. ಆಗ ಅಲ್ಲಿದ್ದ ಕಥೆಗಾರ ಮೊಪಾಸಾ ತಾನು ಕಂಡದ್ದನ್ನು ಮರುವರ್ಷ ಬರೆದ. ಮೊನೆಯ ಹಿಂದೆ ಮಕ್ಕಳ ಒಂದು ಸಾಲು. ಅವರ ಕೈಯಲ್ಲಿ ಐದಾರು ಕ್ಯಾನ್ವಾಸುಗಳು. ಎಲ್ಲದರಲ್ಲೂ ಒಂದೇ ದೃಶ್ಯ. ಆದರೆ ಹೊತ್ತು ಬೇರೆ, ಬೆಳಕು ಬೇರೆ. ಆಕಾಶ ಬದಲಾದಂತೆ ಆತ ಒಂದನ್ನು ಇಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. ನೀವು ಶಾಲೆಯಲ್ಲಿ ಗಂಟೆ ಬಾರಿಸಿದಂತೆ ಪುಸ್ತಕ ಬದಲಾಯಿಸುವುದಿಲ್ಲವೇ? ಅಲ್ಲಿ ಗಂಟೆ ಬಾರಿಸುತ್ತಿದ್ದವನು ಸೂರ್ಯ.

ಈ ಹಟಕ್ಕೆ ಒಂದು ದಿನ ಪ್ರಾಣವೇ ಹೋಗುವುದರಲ್ಲಿತ್ತು. ಆ ತೀರದಲ್ಲಿ ಉಬ್ಬರವಿಳಿತದ ಅಂತರ ನಮ್ಮ ಕಾರವಾರದಲ್ಲಿ ಇರುವಂತೆ ಸುಮಾರು ಎರಡು ಮೀಟರಲ್ಲ. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಅದು ಏಳೆಂಟು ಮೀಟರಿನಷ್ಟಾಗುತ್ತದೆ. ಇಳಿತದ ವೇಳೆ ಬಂಡೆಯ ಬುಡಕ್ಕೆ ನಡೆದು ಹೋಗಬಹುದು. ಉಬ್ಬರ ಬಂದರೆ ಹಿಂದಿರುಗುವ ದಾರಿ ಇಲ್ಲ. 1885ರ ನವೆಂಬರ್ ಕೊನೆಯಲ್ಲಿ ಮೊನೆ ಬಂಡೆಯ ಮರೆಯಲ್ಲಿ ನಿಂತು ಚಿತ್ರಿಸುತ್ತಿದ್ದ. ನೀರು ಇಳಿಯುತ್ತಿದೆ ಎಂದು ನಂಬಿ ಅಲೆಗಳನ್ನು ಲಕ್ಷಿಸಲಿಲ್ಲ. ದೊಡ್ಡ ಅಲೆಯೊಂದು ಬಂದು ಆತನನ್ನು ಬಂಡೆಗೆ ಅಪ್ಪಳಿಸಿ, ಸಾಮಾನಿನ ಸಮೇತ ಒಳಗೆಳೆಯಿತು. ತನ್ನ ಕಥೆ ಮುಗಿಯಿತೆಂದೇ ಆತ ಭಾವಿಸಿದ. ಹೇಗೋ ಅಂಬೆಗಾಲಿಕ್ಕಿ ಮೇಲೆ ಬಂದಾಗ ಮೈಯೆಲ್ಲ ತೊಯ್ದಿತ್ತು. ಕೈಬಿಡದೆ ಹಿಡಿದಿದ್ದ ಬಣ್ಣದ ಹಲಗೆ ಮುಖಕ್ಕೆ ಬಡಿದು ಗಡ್ಡವೆಲ್ಲ ನೀಲಿ ಹಳದಿ. ಈಸೆಲ್, ಚೀಲ, ಅಂದಿನ ಕ್ಯಾನ್ವಾಸು ಎಲ್ಲ ಕಡಲಿನ ಪಾಲಾದವು. ಈ ವಿವರಗಳನ್ನು ಆತನೇ ಮನೆಗೆ ಬರೆದ ಕಾಗದದಲ್ಲಿ ಹೇಳಿದ್ದಾನೆ. ಎಲ್ಲಕ್ಕಿಂತ ಹೆಚ್ಚಾಗಿ ಆತನನ್ನು ನೋಯಿಸಿದ್ದು ಚಿತ್ರ ಹೋಯಿತೆಂಬುದೇ.

ಮರುವರ್ಷ, 1886ರ ಸೆಪ್ಟೆಂಬರಿನಲ್ಲಿ, ಆತ ಬ್ರಿಟನಿ ಪ್ರಾಂತದ ಬೆಲ್-ಈಲ್ ದ್ವೀಪಕ್ಕೆ ಹೋದ. ಕೆಲವು ದಿನ ಇದ್ದು ಬರುವೆನೆಂದು ಹೋದವನು ಎರಡು ತಿಂಗಳಿಗೂ ಹೆಚ್ಚು ಕಾಲ ಉಳಿದ. ಕಪ್ಪು ಬಂಡೆಗಳು, ಹುಚ್ಚೆದ್ದ ಕಡಲು, ಬಿಡದ ಗಾಳಿಮಳೆ. ಈಸೆಲನ್ನು ಹಗ್ಗ ಮತ್ತು ಕಲ್ಲುಗಳಿಂದ ಬಿಗಿದು, ಮೀನುಗಾರರಂತೆ ಎಣ್ಣೆಬಟ್ಟೆಯ ಅಂಗಿ ತೊಟ್ಟು ಕೆಲಸ ಮಾಡುತ್ತಿದ್ದ. ಸ್ಥಳೀಯ ಮೀನುಗಾರನೊಬ್ಬ ಸಾಮಾನು ಹೊರುತ್ತಿದ್ದ. ಸಮುದ್ರವನ್ನು ನಿಜವಾಗಿ ಚಿತ್ರಿಸಬೇಕಾದರೆ ಒಂದೇ ಜಾಗದಲ್ಲಿ ನಿಂತು ಪ್ರತಿದಿನ, ಎಲ್ಲ ಹೊತ್ತಿನಲ್ಲೂ ಅದನ್ನು ನೋಡಬೇಕು ಎಂದು ಅಲ್ಲಿಂದ ಬರೆದ. ಆ ದ್ವೀಪದಿಂದ ತಂದ ಕ್ಯಾನ್ವಾಸುಗಳ ಸಂಖ್ಯೆ ನಲವತ್ತರ ಹತ್ತಿರ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮೊನೆ ಎಲ್ಲವನ್ನೂ ಹೊರಗೇ ಮುಗಿಸಿದನೇ? ಇಲ್ಲ. ಮಳೆ ಸುರಿದ ದಿನ ಎತ್ರೆತಾದಲ್ಲಿ ಹೋಟೆಲಿನ ಕಿಟಕಿಯಿಂದಲೇ ದಡದ ದೋಣಿಗಳನ್ನು ಬಿಡಿಸಿದ್ದಾನೆ. ದಡದಲ್ಲಿ ಆರಂಭಿಸಿದ ಅನೇಕ ಚಿತ್ರಗಳನ್ನು ಮನೆಗೆ ತಂದು, ವಾರಗಟ್ಟಲೆ ತಿದ್ದಿ ಮುಗಿಸಿದ್ದಾನೆ. ಹಾಗಿದ್ದ ಮೇಲೆ ಅಷ್ಟೆಲ್ಲ ಒದ್ದಾಟ ಏಕೆ? ಒಂದು ರೇಖಾಚಿತ್ರ ಬರೆದುಕೊಂಡು ಬೆಚ್ಚಗೆ ಒಳಗೆ ಕುಳಿತು ಬಣ್ಣ ತುಂಬಬಹುದಿತ್ತಲ್ಲ?

ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಭಾಷಣದ ಮುಖ್ಯ ಉದ್ದೇಶ. ಹೊರಗೆ ನಿಲ್ಲುವುದು ಒಂದು ವ್ರತವಲ್ಲ. ಅದು ಕಣ್ಣನ್ನು ತಿದ್ದಿಕೊಳ್ಳುವ ಒಂದು ಉಪಾಯ. ಒಳಗೆ ಕುಳಿತಾಗ ನಮ್ಮ ಕೈ ನಮಗೆ ಮೊದಲೇ ಗೊತ್ತಿರುವುದನ್ನೇ ಬರೆಯುತ್ತದೆ: ನೀಲಿ ಸಮುದ್ರ, ಬಿಳಿ ನೊರೆ, ಹಳದಿ ಮರಳು. ಹೊರಗೆ ನಿಂತಾಗ ಎದುರಿಗಿರುವ ಕಡಲು ಪ್ರತಿ ಕ್ಷಣವೂ ‘ಹಾಗಲ್ಲ, ಹೀಗೆ’ ಎಂದು ತಿದ್ದುತ್ತದೆ. ಹೀಗೆ ತಿದ್ದಿಸಿಕೊಂಡ ಕಣ್ಣನ್ನು ಹೊತ್ತುಕೊಂಡೇ ಮೊನೆ ಮನೆಗೆ ಹಿಂದಿರುಗುತ್ತಿದ್ದ. ಒಳಗಿನ ಕೆಲಸಕ್ಕೆ ಬೆಲೆ ಬಂದದ್ದು ಅದರಿಂದ.

ಇಂದು ನಿಮ್ಮ ಕೈಯಲ್ಲಿ ಕ್ಯಾಮೆರಾ ಇರುವ ಮೊಬೈಲ್ ಇದೆ. ಫೋಟೋ ತೆಗೆದು ಅದನ್ನು ನೋಡಿ ಬಿಡಿಸಿದರೆ ಸಾಲದೇ ಎಂದು ಕೇಳಬಹುದು. ಫೋಟೋ ಒಳ್ಳೆಯ ಸಹಾಯಕ. ಆದರೆ ಅದರಲ್ಲಿ ಸಿಕ್ಕುವುದು ಸೆಕೆಂಡಿನ ಒಂದು ಸಣ್ಣ ಚೂರು. ಆ ಅಲೆ ನಿಂತುಬಿಟ್ಟ ಅಲೆ. ನಾವು ಕಾಣುವ ಅಲೆಗೆ ಬಾಲ್ಯವಿದೆ, ಯೌವನವಿದೆ, ಮುಪ್ಪಿದೆ. ದೂರದಲ್ಲಿ ಉಬ್ಬಿ, ಹತ್ತಿರ ಬಂದು ಎದ್ದು, ಬಾಗಿ, ಒಡೆದು, ಮರಳಿನ ಮೇಲೆ ಹರಡಿ ಇಂಗುತ್ತದೆ. ಚಿತ್ರಕಾರ ಬಿಡಿಸುವ ಒಂದು ಅಲೆ ಆತ ನೋಡಿದ ನೂರು ಅಲೆಗಳ ಸಾರ.

ಹಾಗಾದರೆ ನಿಲ್ಲದ ಅಲೆಯನ್ನು ನೋಡುವುದು ಹೇಗೆ? ಇದಕ್ಕೆ ಸ್ವಲ್ಪ ವಿಜ್ಞಾನ ತಿಳಿದಿರಬೇಕು. ನೀರಿನ ಆಳ ಅಲೆಯ ಎತ್ತರಕ್ಕಿಂತ ಸ್ವಲ್ಪವೇ ಹೆಚ್ಚಾಗಿರುವ ಕಡೆ ಅಲೆ ಒಡೆಯುತ್ತದೆ. ತಳದ ಆಕಾರ ಒಂದು ಗಂಟೆಯೊಳಗೆ ಬದಲಾಗುವುದಿಲ್ಲ. ಆದ್ದರಿಂದ ಹೆಚ್ಚುಕಡಿಮೆ ಒಂದೇ ಎತ್ತರದ ಅಲೆಗಳು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಒಡೆಯುತ್ತವೆ. ಇಪ್ಪತ್ತು ನಿಮಿಷ ಕುಂಚ ಮುಟ್ಟದೆ ಸುಮ್ಮನೆ ನೋಡಿದರೆ ಕಡಲಿನ ಈ ಕ್ರಮ ನಿಮಗೆ ತಿಳಿದುಬರುತ್ತದೆ.

ಇನ್ನು ಬಣ್ಣ. ನೇರವಾಗಿ ಕೆಳಗೆ ನೋಡಿದಾಗ ನೀರು ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಸುಮಾರು ಎರಡು ಪಾಲನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. ಆದ್ದರಿಂದ ಕಾಲಬುಡದಲ್ಲಿ ನೀರಿನ ಒಳಗೆ ಮರಳು ಕಾಣುತ್ತದೆ. ನೋಟ ಓರೆಯಾದಷ್ಟೂ ಪ್ರತಿಫಲನ ಹೆಚ್ಚುತ್ತದೆ. ದೂರದ ನೀರು ಆಕಾಶದ ಬಣ್ಣವನ್ನು ಹೊದ್ದುಕೊಳ್ಳುತ್ತದೆ. ಎದ್ದ ಅಲೆಯ ಮುಖ ನಮ್ಮ ಕಡೆ ತಿರುಗಿರುವುದರಿಂದ ಅಲ್ಲಿ ಮತ್ತೆ ನೀರಿನ ಒಳಗೆ ನೋಡುತ್ತೇವೆ. ಹಿಂದಿನಿಂದ ಬೆಳಕು ತೂರಿ ಬಂದರೆ ಅದು ಹಸಿರಾಗಿ ಹೊಳೆಯುತ್ತದೆ. ನೊರೆ ಎಲ್ಲ ಕಡೆಯೂ ಬಿಳಿಯಲ್ಲ. ಬಿಸಿಲು ಬಿದ್ದ ನೊರೆಗೆ ಹಳದಿಯ ಸೋಂಕು, ನೆರಳಿನ ನೊರೆಗೆ ನೀಲಿ ಮಿಶ್ರಿತ ಬೂದು. ಒದ್ದೆ ಮರಳು ಒಂದು ಕನ್ನಡಿ. ಕ್ಷಿತಿಜವೋ ಯಾವಾಗಲೂ ನಿಮ್ಮ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ನಿಂತು ನೋಡಿ, ಕುಳಿತು ನೋಡಿ. ದಡದ ಮೇಲಿನ ದೋಣಿಗೆ ಹೋಲಿಸಿದರೆ ಅದು ನಿಮ್ಮ ಜೊತೆಯಲ್ಲೇ ಏರುತ್ತದೆ, ಇಳಿಯುತ್ತದೆ. ಆದ್ದರಿಂದ ಒಮ್ಮೆ ಕುಳಿತು, ಒಮ್ಮೆ ನಿಂತು ಒಂದೇ ಚಿತ್ರವನ್ನು ಬಿಡಿಸಬಾರದು.

ನಮ್ಮ ರಾಜ್ಯದ ಕರಾವಳಿ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ್ದು. ಅದು ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನ ಹಿಂದೆ ಇರುತ್ತಾನೆ. ಆಗ ನೀರಿನ ಸ್ವಂತ ಬಣ್ಣ, ಬಂಡೆಯ ಬಣ್ಣ ಸ್ಪಷ್ಟ. ಸಂಜೆ ಆತ ಎದುರಿಗೆ. ಆಗ ಬಣ್ಣಕ್ಕಿಂತ ಬೆಳಕು ನೆರಳುಗಳದೇ ಮೇಲುಗೈ. ಮೊದಲು ಕಲಿಯುವವರಿಗೆ ಬೆಳಗಿನ ಹೊತ್ತೇ ಲೇಸು.

ಪ್ರಯತ್ನ ಮಾಡಬೇಕೆನ್ನುವವರಿಗೆ ಕೆಲವು ಮಾತು. ದೊಡ್ಡ ಕ್ಯಾನ್ವಾಸು ಬೇಡ; ಗಾಳಿಗೆ ಅದು ಹಾಯಿಯಾಗುತ್ತದೆ. ಒಂದು ಪುಸ್ತಕದ ಗಾತ್ರದ, ಬಿಳಿ ಬಳಿದು ಸಿದ್ಧಪಡಿಸಿದ ಹಾರ್ಡ್‌ಬೋರ್ಡ್ ಸಾಕು. ಬಿಳಿ, ಅಲ್ಟ್ರಾಮರೀನ್ ನೀಲಿ, ನಿಂಬೆ ಹಳದಿ, ಹಳದಿ ಓಕರ್, ಕಂದು, ಒಂದು ಕೆಂಪು – ಇಷ್ಟರಿಂದ ಕಡಲಿನ ಬಹುಪಾಲು ಬಣ್ಣಗಳನ್ನು ಬೆರೆಸಬಹುದು. ಈಸೆಲಿನ ನಡುವೆ ಕಲ್ಲು ತುಂಬಿದ ಚೀಲ ತೂಗುಹಾಕಿ. ಹಲಗೆಯ ಮೇಲೆ ನೇರ ಬಿಸಿಲು ಬೀಳದಂತೆ ನಿಲ್ಲಿ. ಬಿಸಿಲಿನಲ್ಲಿ ಬೆಳ್ಳಗೆ ಕಂಡ ಚಿತ್ರ ಮನೆಯೊಳಗೆ ಕಪ್ಪಾಗಿ ಕಾಣುತ್ತದೆ. ಮೊದಲು ಟರ್ಪೆಂಟೈನಿನಲ್ಲಿ ತೆಳುವಾಗಿಸಿದ ಬಣ್ಣದಿಂದ ಆಕಾಶ, ನೀರು, ನೆಲ ಎಂಬ ಮೂರು ದೊಡ್ಡ ಭಾಗಗಳನ್ನು ಗುರುತಿಸಿ. ಇವುಗಳಲ್ಲಿ ಹೆಚ್ಚು ಬೆಳ್ಳಗಿರುವುದು ಯಾವುದು, ಹೆಚ್ಚು ಕಪ್ಪಗಿರುವುದು ಯಾವುದು ಎಂಬುದನ್ನು ನಿರ್ಧರಿಸಿ. ಅಲೆ ಆಮೇಲೆ. ನೊರೆ ಕಟ್ಟಕಡೆಗೆ, ದಪ್ಪ ಬಣ್ಣದಲ್ಲಿ. ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಹೆಚ್ಚು ಎಂಬುದು ತೈಲವರ್ಣದ ಹಳೆಯ ನಿಯಮ. ತಿರುವುಮುರುವಾದರೆ ಚಿತ್ರ ಬಿರುಕು ಬಿಡುತ್ತದೆ. ಸೂರ್ಯ ಆಕಾಶದಲ್ಲಿ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಒಂದೂವರೆ ಗಂಟೆಯಾದ ಮೇಲೆ ಎದುರಿಗಿರುವುದು ನೀವು ಆರಂಭಿಸಿದ ದೃಶ್ಯವಲ್ಲ. ಆಗ ನಿಲ್ಲಿಸಿ, ಹಲಗೆಯ ಹಿಂದೆ ದಿನ, ಹೊತ್ತು, ಗಾಳಿ ಬರೆಯಿರಿ, ನಾಳೆ ಅದೇ ಹೊತ್ತಿಗೆ ಬನ್ನಿ.

ಎರಡು ಎಚ್ಚರಿಕೆಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡಲು ಉಗ್ರವಾಗಿರುತ್ತದೆ. ಆಗ ಬಂಡೆಗಳ ಮೇಲೆ ಇಳಿಯಬೇಡಿ. ದೂರದ ಎತ್ತರದ ಜಾಗದಿಂದ ಚಿತ್ರಿಸಿ. ಬೇರೆ ದಿನಗಳಲ್ಲೂ ಒಬ್ಬರೇ ಹೋಗಬೇಡಿ. ಊರಿನ ಮೀನುಗಾರರನ್ನು ಕೇಳಿ, ಭರತ ಇಳಿತಗಳ ವೇಳೆ ತಿಳಿದುಕೊಳ್ಳಿ. ಅವರ ಒಂದು ಮಾತು ನಿಮ್ಮ ಪ್ರಾಣ ಉಳಿಸೀತು. ಇನ್ನೊಂದು, ಟರ್ಪೆಂಟೈನನ್ನು ಮರಳಿಗಾಗಲಿ ನೀರಿಗಾಗಲಿ ಚೆಲ್ಲಬೇಡಿ. ಡಬ್ಬಿಯಲ್ಲಿ ಮನೆಗೆ ತನ್ನಿ. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿ ಕಾವೇರಿ ಹೊತ್ತಿಕೊಳ್ಳುವ ಅಪಾಯವಿದೆ. ಅದನ್ನು ಹೊರಗೆ ಬಿಡಿಸಿ ಹರಡಿ ಒಣಗಿಸಿರಿ.

ನಮ್ಮೂರಿನಲ್ಲಿ ಸಮುದ್ರವಿಲ್ಲವಲ್ಲ ಎಂದು ತುಮಕೂರು, ವಿಜಯಪುರ, ದಾವಣಗೆರೆಗಳ ವಿದ್ಯಾರ್ಥಿಗಳು ಬೇಸರಪಡಬೇಕಿಲ್ಲ. ಸೂಳೆಕೆರೆಯ ನೀರಿನ ಮೇಲೂ ಆಕಾಶ ಮಲಗುತ್ತದೆ. ತುಂಗಭದ್ರಾ ಜಲಾಶಯದ ಮೇಲೂ ಗಾಳಿ ಅಲೆ ಎಬ್ಬಿಸುತ್ತದೆ. ತೈಲವರ್ಣ ದುಬಾರಿ ಎನಿಸಿದರೆ ಜಲವರ್ಣವಾದರೂ ಸರಿ, ಬರಿಯ ಪೆನ್ಸಿಲ್ ಆದರೂ ಸರಿ. ಊರ ಕೆರೆಯ ಏರಿಯ ಮೇಲೆ ಏಳು ದಿನ ಒಂದೇ ಹೊತ್ತಿಗೆ, ಒಂದೇ ಕಡೆ ಕುಳಿತು ನೀರನ್ನು ನೋಡಿ. ಏಳು ಸಣ್ಣ ಚಿತ್ರಗಳನ್ನು ಮಾಡಿ ಪಕ್ಕಪಕ್ಕದಲ್ಲಿಡಿ. ಅವು ಚೆನ್ನಾಗಿ ಬಂದಿವೆಯೇ ಎಂಬುದು ಮುಖ್ಯವಲ್ಲ. ಏಳೂ ಬೇರೆ ಬೇರೆಯಾಗಿದ್ದರೆ ನೀವು ನಿಜವಾಗಿ ನೋಡಿದ್ದೀರಿ ಎಂದು ಅರ್ಥ. ಏಳೂ ಒಂದೇ ನೀಲಿಯಾಗಿದ್ದರೆ ಎಂಟನೆಯ ದಿನವೂ ಹೋಗಿ ಕುಳಿತುಕೊಳ್ಳಿ.